ಸ್ವಾಮಿಗಳ ಬೆರಳು

…ಯಾಕೋ ನಗ್ತೀಯ ತಮ್ಮಾ? ಗಂಜಿ ಬಿಸಿ ಇತ್ತಾ? ಅಯ್ಯೋ… ನಗು ಅಲ್ಲ ಅಲ್ವಾ. ಬಾಯಿ ಆ ಕಡೆ ಎಳೆದುಬಿಟ್ಟಿದೆ, ನನಗೆ ದಿನಾ ಮರೆತೇ ಹೋಗುತ್ತೆ. ತಾಳು, ಗಲ್ಲ ಒರೆಸ್ತೀನಿ. ಊರಿಗೆಲ್ಲ ಗುರು ನೀನು, ಈ ಅಕ್ಕನಿಗೆ ಮಾತ್ರ ಕೈತುತ್ತು ತಿನ್ನೋ ಕೂಸು!

ಕಣ್ಣು ಬಾಗಿಲ ಕಡೆ ಯಾಕೆ ಹೋಯ್ತು? ಅಳು ಕೇಳಿಸ್ತಾ? ಹೂಂ, ಅವಳೇ. ಗಾರೆ ಮೇಸ್ತ್ರಿ ಹೆಂಡತಿ. ಸ್ವಾಮಿಗಳು ಮಲಗಿದ್ದಾರೆ ಅಂತ ಮಠದ ಮ್ಯಾನೇಜರು ಎಷ್ಟು ಹೇಳಿದ್ರೂ ಜಗಲಿ ಬಿಟ್ಟು ಏಳ್ತಿಲ್ಲ.

ನೀನು ಹೊಲಿಗೆ ಮೆಷಿನ್ ತುಳೀತಿದ್ದಾಗ ಇಷ್ಟೆಲ್ಲ ಫಜೀತಿ ಇರಲಿಲ್ಲ ಕಣೋ. ಹರಿದ ಅಂಗಿ ತಂದೋರು ಅಂಗಿ ಜೊತೆ ಎದೆಯೊಳಗಿನದ್ದೂ ಸುರೀತಿದ್ರು. ನೀನು ದಾರ ಕಚ್ಚಿಕೊಂಡೇ ಕೇಳ್ತಿದ್ದೆ. "ಹರಿದೋರು ಯಾರು ಅಂತ ಆಮೇಲೆ ನೋಡು, ಮೊದಲು ಹೊಲಿಗೆ ಹಾಕು" ಅಂತಿದ್ದೆ. ಅಷ್ಟೇ! ಆ ಮಾತಿಗೇ ಜನ ಕಣ್ಣೀರು ಹಾಕಿದ್ರು, ಕಾವಿ ಹೊದಿಸಿದ್ರು, ಹಾಲ್ ಕಟ್ಟಿದ್ರು, ಮೈಕ್ ಇಟ್ರು. ಆದ್ರೆ ಹೌದೋ ಅಲ್ವೋ ಹೇಳಿ ಅಂತ ಬಂದೋರನ್ನ ಮಾತ್ರ ಅಟ್ಟಿಬಿಡ್ತಿದ್ದೆ. "ನಾನು ದರ್ಜಿ ಕಣಯ್ಯಾ, ಶಕುನ ಹೇಳೋನಲ್ಲ!" ಆಹಾ, ದರ್ಜಿ! ಮೇಷ್ಟ್ರ ಪ್ಯಾಂಟಿನ ಎರಡು ಕಾಲೂ ಸೇರಿಸಿ ಹೊಲಿದಿಟ್ಟವನು!

ಲಕ್ವ ಹೊಡೆದು ನೀನು ಬಿದ್ದ ದಿನವೇ ಮ್ಯಾನೇಜರು, ಸ್ವಾಮಿಗಳು ಮೌನ ಹಿಡಿದಿದ್ದಾರೆ ಅಂತ ಬೋರ್ಡು ಹಾಕಿಸಿದ್ರು. ಜನ ಇನ್ನೂ ಜಾಸ್ತಿ ಬಂದ್ರು… ಬೈಯೋ ಬಾಯಿ ಇಲ್ವಲ್ಲ! ನಾನು ಪಕ್ಕದಲ್ಲಿ ಕೂತು ನಿನ್ನ ಕೈ ಹಿಡ್ಕೊಳ್ಳೋದು, ಅವರು ಕೇಳೋದು. ತೋರುಬೆರಳು ಎದ್ರೆ ಹೌದು, ಏಳದಿದ್ರೆ ಬೇಡ. ಮದುವೆ, ಮನೆ, ಮಗನ ಓದು… ಎಲ್ಲದಕ್ಕೂ ಎತ್ತಿದೆ ನೀನು. ಎತ್ತಿದೆ ತಾನೇ? ಅವರ ಮುಖ ಹೇಗೆ ಅರಳ್ತಿತ್ತು!

ಮೇಸ್ತ್ರಿ ಕಾಲಿಗೆ ಮಾತ್ರ ಎತ್ತಲಿಲ್ಲ. ಕಂಬಿ ಚುಚ್ಚಿ ಕೊಳೆತ ಕಾಲು. "ಡಾಕ್ಟರು ತೆಗೀಬೇಕು ಅಂತಾರೆ, ತೆಗೆಸಲಾ ಸ್ವಾಮೀ?" ಅಂದಳು. ಏಣಿ ಹತ್ತಿ ಇಳಿದು ದುಡಿಯೋ ಗಂಡಸು… ಕಾಲು ಕತ್ತರಿಸಿ ಅನ್ನೋಕೆ ನನಗೆ ಹೇಗೆ ಮನಸ್ಸು ಬರುತ್ತೆ… ನಿನಗೆ! ನಿನಗೆ ಮನಸ್ಸು ಬರಲಿಲ್ಲ ಅಂದೆ. ಹಾಗೆ ದಿಟ್ಟಿಸಬೇಡ.

ಈಗ ನಂಜು ಅವನ ಮೈಗೆಲ್ಲ ಏರಿದೆ. ಆಸ್ಪತ್ರೆಯೋರು ಮನೆಗೆ ಕರ್ಕೊಂಡು ಹೋಗಿ ಅಂದುಬಿಟ್ರಂತೆ. ಅವಳು ಜಗಳಕ್ಕೆ ಬಂದಿಲ್ಲ ಕಣೋ, ಬೈದಿದ್ರೆ ಬೈಸ್ಕೊಳ್ತಿದ್ದೆ. "ಬೇಡ ಅಂದದ್ದು ಸ್ವಾಮಿಗಳೇ ಆಗಿದ್ರೆ ಹೇಗೋ ತಡ್ಕೋತೀನಿ ಅಜ್ಜಿ. ಅವರ ಕೈ ನನ್ನ ಕೈಲಿ ಇಟ್ಕೊಂಡು ಒಂದ್ಸಲ ಕೇಳ್ತೀನಿ" ಅಂತಾಳೆ.

ಅವಳ ಕೈಲಿ! ಕೇಳಿಸ್ತಾ?

ಅದಕ್ಕೇ, ಮೊದಲು ನಾವಿಬ್ರೇ ನೋಡೋಣ. ಇಗೋ, ನಾನು ಕೈ ತೆಗೆದೆ. ಬೇಡ ಅಂದದ್ದು ನೀನೇ ತಾನೇ? ಎತ್ತು.

ಎತ್ತೋ. ಹಠ ಮಾಡಬೇಡ. ಇಷ್ಟೇ ಇಷ್ಟು… ಸೂಜಿ ಎತ್ತೋಷ್ಟು ಸಾಕು.

ನನ್ನ ಕಡೆ ನೋಡು. ನಾನ್ಯಾರು ಅಂತಾದ್ರೂ ಗೊತ್ತಾಗ್ತಿದೆಯಾ ನಿನಗೆ?

…ತಮ್ಮಾ? ನನ್ನ ಹೆಬ್ಬೆರಳು ಕೆಳಗಿಂದ ಒತ್ತದಿದ್ರೆ ಇದು ಏಳೋದೇ ಇಲ್ವಾ… ಒಂದ್ಸಲನೂ…

ಬಂದೆ, ಬಂದೆ! ಬಾಗಿಲು ಬಡೀಬೇಡ ಮಗಳೇ, ಒಳಗೆ ಬಾ. ಇಲ್ಲಿ ಬೇಡ, ಅಲ್ಲೇ ಕೂತ್ಕೋ, ಅವರ ಕಾಲ ಹತ್ರ. ಕೇಳು, ಏನು ಬೇಕಾದ್ರೂ ಕೇಳು… ಸ್ವಾಮಿಗಳ ಕೈ ಮಾತ್ರ ನಾನೇ ಹಿಡ್ಕೋತೀನಿ.