ಗೊಬ್ಬರ ಕಾಣದ ಪಾತಿ

...ಗೋಧಿ ಅಲ್ಲ ಕಣೇ ಪುಟ್ಟಿ, ನೀನು ಕುಡೀತಿದ್ದೀಯಲ್ಲ ಆ ಗಂಜಿ, ಅದು ಬಾರ್ಲಿ. ನಾನು ಸಾಕಿದ ಬೆಳೆ ಅದು. ನಗ್ಬೇಡ! ಈ ಕಗ್ಗದಾಸಪುರದಲ್ಲೇ, ಅಗೋ ಆ ಅಪಾರ್ಟ್‌ಮೆಂಟ್ ಇದ್ಯಲ್ಲ, ಅಲ್ಲಿ... ಅಲ್ಲಲ್ಲ, ಇನ್ನೂ ಸ್ವಲ್ಪ ಈಚೆ, ಕೆರೆ ಪಕ್ಕ. ಆಗ ಇಂದಿರಾನಗರದಲ್ಲೇ ಇನ್ನೂ ಸೈಟ್ ಕಲ್ಲು ನೆಡ್ತಿದ್ರು, ಇಲ್ಲೇನಿತ್ತು, ಬರೀ ಹೊಲ. ಚಳೀಲಿ ಕೆರೆಯಿಂದ ಮಂಜು ಎದ್ದು ಬಂದು ಬಾರ್ಲಿ ಮೇಲೆ ಕೂತ್ಕೊಳ್ಳೋದು, ತೆನೆ ಮೀಸೆ ಮಾತ್ರ ಕಾಣೋದು. ಈಗ್ಲೂ ಕಣ್ಮುಚ್ಚಿದ್ರೆ ಅದೇ ಬರುತ್ತೆ.

ನಂಗಾಗ ಹತ್ತೊಂಬತ್ತೋ ಇಪ್ಪತ್ತೋ. ಅಪ್ಪ ತೀರ್ಕೊಂಡಿದ್ರು. ಅಮ್ಮ ನಂಗೂ ತಂಗೀರಿಗೂ ಮುದ್ದೆ ಹಾಕಿ 'ನಂದಾಯ್ತು' ಅನ್ನೋಳು. ಆಗಿರ್ತಿರ್ಲಿಲ್ಲ. ಅಷ್ಟರಲ್ಲಿ ಶಿವಾಜಿನಗರದಿಂದ ಒಬ್ರು ಸಾಹೇಬ್ರು ಬಂದ್ರು, ಹೊಲ ಗುತ್ತಿಗೆ ತಗೊಂಡು, ಬಾರ್ಲಿಗೆ ಯಾವಾಗ ಎಷ್ಟು ಗೊಬ್ಬರ ಬೇಕು ಅಂತ ಪರೀಕ್ಷೆ ಮಾಡೋಕೆ. ನೀರು ಕಟ್ಟೋ ಕೆಲ್ಸ ಕೊಟ್ರು, ಸರಿಯಾಗಿ ಮಾಡಿದ್ರೆ ಖಾಯಂ ಅಂದ್ರು. ನನ್ನ ಮೊದಲ್ನೇ ಕೆಲ್ಸ ಅದು. ಒಂದು ಪಾತಿಗೆ ಬಿತ್ತೋವಾಗ್ಲೇ ಯೂರಿಯಾ, ಒಂದಕ್ಕೆ ತಡವಾಗಿ, ಕೊನೇ ಪಾತಿಗೆ ಮಾತ್ರ ಏನೂ ಇಲ್ಲ, ಬರೀ ನೀರು. ಅದು ಹಳದಿಯಾಗಿ, ಬಡವಾಗಿ, ಪಕ್ಕದೋರ ಹಸಿರು ನೋಡ್ಕೊಂಡು ನಿಂತಿರೋದು. ಎಲ್ರಿಗೂ ಬಡಿಸಿ ಪಂಕ್ತೀಲಿ ಒಬ್ರನ್ನ ಬಿಡ್ತಾರಾ, ಹೇಳು? ದಿನಾ ಬೆಳಿಗ್ಗೆ ಪಕ್ಕದ್ಮನೆ ಹಸು ಗಂಜಲ ಬಿಂದಿಗೇಲಿ ತಂದು, ನೀರಿಗೆ ಬೆರೆಸಿ, ಅದರ ಬುಡಕ್ಕೆ ಹುಯ್ದ್ಬಿಡ್ತಿದ್ದೆ. ಯಾರಿಗೂ ಹೇಳ್ಲಿಲ್ಲ.

ಎರಡು ವಾರಕ್ಕೆ ಕಡು ಹಸಿರು! ನಂಗೋ ಹಿಗ್ಗು. ಸಾಹೇಬ್ರು ಬಂದು ಗರಿ ಹಿಡಿದು ನೋಡಿದ್ರು, ಮಣ್ಣು ಮೂಸಿದ್ರು. 'ಯಾರ್ರೀ ಇದಕ್ಕೆ ಗೊಬ್ಬರ ಹಾಕಿದ್ದು?' ಕಾವಲಿಗೆ ಚಿನ್ನಪ್ಪ ಅಂತ ಒಬ್ಬ ತಾತ ಇದ್ದ. 'ಕಾವಲು ಕಾಯ್ತೀಯೋ ನಿದ್ದೆ ಮಾಡ್ತೀಯೋ? ನಾಳೆಯಿಂದ ಬರ್ಬೇಡ' ಅಂತ ಅವನ ಮೇಲೆ ಎಗರಿದ್ರು. ತಾತ ಟವಲ್ ಕೊಡವಿ ಹೊರಟೇ ಬಿಟ್ಟ ಕಣೇ. ಹೇಳಿದ್ರೆ ಕೆಲ್ಸ ಹೋಗುತ್ತೆ. ಅವನು ಬೇಲಿ ದಾಟೋವರ್ಗೂ ಸುಮ್ನಿದ್ದೆ, ನೋಡು, ಅಂಥಾ ಪಾಪಿ ನಾನು. ಆಮೇಲೆ ಕಿರುಚ್ಬಿಟ್ಟೆ, 'ನಾನೇ ಹಾಕಿದ್ದು ಸಾರ್! ಅದು ಹಸ್ಕೊಂಡಿತ್ತು!'

ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ಬದುವಿನ ಮೇಲೆ ಕೂತ್ರು. 'ಅಯ್ಯೋ ಮುನಿಯಮ್ಮ, ಅದು ಹಸಿದಿದ್ರೆ ತಾನೇ ಗೊತ್ತಾಗೋದು, ಮಣ್ಣು ತಾನಾಗೇ ಎಷ್ಟು ಸಾರಜನಕ ಕೊಡುತ್ತೆ, ನಾವು ಹಾಕಿದ್ರಲ್ಲಿ ಬೆಳೆ ಎಷ್ಟು ಕುಡಿಯುತ್ತೆ ಅಂತ! ಒಂದು ವರ್ಷದ ಕೆಲ್ಸ ನೀರಲ್ಲಿ ಹೋಮ ಆಯ್ತಲ್ಲಮ್ಮ.' ಬೈಲಿಲ್ಲ, ಅದೇ ಇನ್ನೂ ಸಂಕಟ. ಪಕ್ಕದ ಪಾತೀಲಿ ತೆನೆ ಬಂದಿತ್ತು, ಒಂದು ಗಿಡ ಕಿತ್ತು ಕೈಗೆ ಕೊಟ್ರು. 'ನೋಡು, ಎಳೇದ್ರಲ್ಲಿ ಕುಡಿದಿದ್ನ ಎಲೇಲಿ ಇಟ್ಕೊಂಡಿರುತ್ತೆ. ತೆನೆ ಬಂದ್ಮೇಲೆ ಕೆಳಗಿನೆಲೆ ತನ್ನದನ್ನ ಕಾಳಿಗೆ ಬಿಟ್ಕೊಟ್ಟು, ತಾನು ಒಣಗುತ್ತೆ.' ಆ ಒಣಗಿದ ಎಲೆ ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ. ಅಮ್ಮ ನೆನಪಾದ್ಲು. ಅಳು ಬಂತು.

ಓಡಿಹೋಗಿ ಚಿನ್ನಪ್ಪ ತಾತನ್ನ ಕರ್ಕೊಂಡ್ಬಂದೆ. ಅವನ ಕೆಲ್ಸ ಉಳೀತು, ನಂದು ಖಾಯಂ ಆಗ್ಲಿಲ್ಲ. ನನ್ನ ಪಾತಿನೋ, ಗಂಜಲ ಜಾಸ್ತಿಯಾಗಿ ಒಂದೇ ಗಾಳಿಗೆ ಮಲಗೋಯ್ತು. ತಪ್ಪು ಒಪ್ಕೊಂಡ ಅವತ್ತೇ ರಾತ್ರಿ ಮನೇಲಿ ಅಮ್ಮ ಮತ್ತೆ 'ನಂದಾಯ್ತು' ಅಂದ್ಲು. ನಾನು ಬಿಡ್ಲಿಲ್ಲ, ತಂಗೀರ ಎದುರಿಗೇ ಅವಳ ತಟ್ಟೆ ಎಳೆದು, ನನ್ನ ಮುದ್ದೆ ಅರ್ಧ ಮುರಿದು ಹಾಕ್ದೆ. ಹಸಿದೋರಿಗೆ ಹಾಕು ಪುಟ್ಟಿ, ಕದ್ದು ಮಾತ್ರ ಹಾಕ್ಬೇಡ. ಹೋಗು, ಲೋಟ ತೊಳೆದಿಡು.