ಐದನೇ ವಾರದ ಅಳತೆ

ಗೊಬ್ಬರದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗುರುತಿಲ್ಲದ ಇಬ್ಬರು ಹೆಂಗಸರು ನಿಂತಿದ್ದರು; ಮಾತಿನಿಂದ ಅತ್ತಿಗೆ, ನಾದಿನಿ ಎಂದು ತಿಳಿಯಿತು. ಅತ್ತಿಗೆಯ ಕೈಯಲ್ಲಿ ಹಸಿರು ಬಣ್ಣದ ಖಾಲಿ ಬಾಟಲಿ, ಒಂದು ನೋಟುಬುಕ್ಕು.

“ಅಣ್ಣ ಮಣ್ಣಿಲ್ದೆ ಬರೀ ನೀರಲ್ಲಿ ಬೆಳೆಸ್ತಿದ್ದ ಮೆಣಸಿನ ಗಿಡಗಳು ಹೇಗಿವೆ ಅತ್ತಿಗೆ?”

“ದೃಷ್ಟಿ ತಾಗೋ ಹಾಗೆ ಬೆಳೆದಿವೆ ಕಣೇ. ಬರೀ ಎಲೆ. ಮೊಗ್ಗು ಬಿಡುತ್ತೆ, ಉದುರುತ್ತೆ.”

“ನೀರಿಗೆ ಏನು ಹಾಕ್ತಿದ್ದೀರಿ?”

“ನಿಮ್ಮಣ್ಣ ಬರೆದಿಟ್ಟಿದ್ದೇ. ಬಕೆಟ್ ನೀರಿಗೆ ಹಸಿರು ಬಾಟಲಿದು ಎರಡು ಮುಚ್ಚಳ.”

“ಅದು ಎಲೆ ಬೆಳೆಸೋಕೆ. ಮೊಗ್ಗು ಬಂದ್ಮೇಲೆ ಅದನ್ನ ಕಮ್ಮಿ ಮಾಡಿ ಕೆಂಪು ಬಾಟಲಿದು ಹಾಕ್ಬೇಕು. ಅಣ್ಣ ಬರೆದಿಲ್ವಾ?”

“ಐದನೇ ವಾರದವರೆಗೆ ಬರೆದಿದ್ದಾರೆ. ಆಮೇಲೆ ‘ಆರನೇ ವಾರ’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ, ಅಷ್ಟೇ.”

ನಾದಿನಿ ನೋಟುಬುಕ್ಕಿನತ್ತ ಬಗ್ಗಿ ನೋಡಿದಳು.

“ಅಣ್ಣ ತೀರಿಹೋಗಿ ಮೂರು ತಿಂಗಳಾಯ್ತು ಅತ್ತಿಗೆ. ಇನ್ನೂ ಐದನೇ ವಾರದ್ದೇ ಹಾಕ್ತಿದ್ದೀರಾ?”

“ಮುಂದಿನ ಪುಟ ಖಾಲಿ ಇದೆಯಲ್ಲೇ.”

“ಅಂಗಡಿಯವರನ್ನ ಕೇಳಿ ನಾನು ಬರೀತೀನಿ. ಕೊಡಿ ಪುಸ್ತಕ.”

“ಇದರಲ್ಲಿ ಬೇಡ. ಬೇರೆ ಚೀಟೀಲಿ ಬರಿ.”

ಅವರ ಸರದಿ ಬಂತು. ನಾದಿನಿ ಮುಚ್ಚಳ ತೆಗೆದ ಪೆನ್ನು ಹಿಡಿದು ಬ್ಯಾಗಿನಲ್ಲಿ ಚೀಟಿ ಹುಡುಕುತ್ತಿದ್ದಳು. ಅತ್ತಿಗೆ ಖಾಲಿ ಬಾಟಲಿಯನ್ನು ಕೌಂಟರಿನ ಮೇಲಿಟ್ಟರು.

“ಇನ್ನೊಂದು ಹಸಿರೇ ಕೊಡಪ್ಪ.”

ಬಾಟಲಿ ತಗೊಂಡು, ನೋಟುಬುಕ್ಕನ್ನು ಎದೆಗೊತ್ತಿ ಹೊರಟರು. ನಾದಿನಿ ಪೆನ್ನಿನ ಮುಚ್ಚಳ ಹಾಕಿ ಹಿಂದೆಯೇ ನಡೆದಳು.