ಗೂಡ್ಸ್ ಶೆಡ್ಡಿನಲ್ಲಿ ಕನ್ನಡಿಗರಿಲ್ಲ

ಅಧ್ಯಕ್ಷರಾದ ಬಾಲಕೃಷ್ಣರಾಯರೇ, ಓಝರಿನ ವಿಮಾನ ಕಾರ್ಖಾನೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಎಂಜಿನಿಯರ್ ಮಹನೀಯರೇ, ನಾಸಿಕದ ನನ್ನ ಹೋಟೆಲ್ ಬಂಧುಗಳೇ, ತಾಯಂದಿರೇ, ಸಭಿಕರೇ,

ನಾಳೆ ನಮ್ಮ ಕನ್ನಡ ಭವನಕ್ಕೆ ಶಂಕುಸ್ಥಾಪನೆ. ಹಿರಿಯನೆಂದು ನನ್ನ ಕೈಯಿಂದಲೇ ಕಲ್ಲಿಡಿಸುತ್ತೀರಂತೆ. ಸಂತೋಷ. ಆದರೆ ಅಧ್ಯಕ್ಷರು ಈಗ ತಾನೇ ಏನೆಂದರು? 'ಭವನ ಏಳಲಿರುವ ಗೋದಾವರಿ ದಂಡೆಯ ಹಳೆಯ ರೈಲ್ವೆ ಸೈಡಿಂಗು ಪಾಳುಬಿದ್ದ ಜಾಗ, ಅಲ್ಲಿ ನಮ್ಮವರು ಯಾರೂ ಇಲ್ಲ' ಎಂದರು. ಪಾಳೇ? ಯಾರಿಗೆ ಪಾಳು, ಸ್ವಾಮಿ?

ಕುಂದಾಪುರದಿಂದ ಬಂದು ನಾನು ಹೋಟೆಲಿಟ್ಟ ಹೊಸದರಲ್ಲಿ ಅಲ್ಲೊಂದು ದಕ್ಕೆಯಿತ್ತು. ಆಚೆ ದಡದ ಈರುಳ್ಳಿ ಚೀಲಗಳು ದೋಣಿಯಲ್ಲಿ ಬಂದು ಇಳಿಯುತ್ತಿದ್ದವು. ದಕ್ಕೆಯ ತನಕ ಸೈಡಿಂಗಿನ ಹಳಿ ಹಾಕಿದ್ದರು, ಎಂಜಿನ್ ಮಾತ್ರ ಅಷ್ಟು ದೂರ ಬರುತ್ತಿರಲಿಲ್ಲ. ತುಂಬಿದ ವ್ಯಾಗನ್ನನ್ನು ಜನರೇ ದೂಡಬೇಕಿತ್ತು. ಯಾವ ಜನ? ವಿಜಾಪುರದ ಕಡೆಯ ಜನ! ಕಸ್ತೂರಿಬಾಯಿ ಎಂಬ ಹೆಂಗಸು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕೂಗು ಹಾಕಿದರೆ ಅಷ್ಟೂ ಹೆಗಲು ಒಟ್ಟಿಗೆ ವ್ಯಾಗನ್ನಿಗೆ ಒತ್ತುತ್ತಿದ್ದವು. ಊರು ಬಿಟ್ಟ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ನಾನು ಅಲ್ಲೇ ನಿಂತು ಅತ್ತುಬಿಟ್ಟಿದ್ದೆ.

ಸೇತುವೆಯಾಯಿತು, ಲಾರಿ ಬಂತು, ಅರವತ್ತೈದರಲ್ಲಿ ಸೈಡಿಂಗು ಮುಚ್ಚಿತು. ಆ ಜನ ಊರೊಳಗೆ ಹಮಾಲಿ ಮಾಡಿಕೊಂಡು ಅಲ್ಲಿನ ಗೂಡ್ಸ್ ಶೆಡ್ಡಿನಲ್ಲೇ ಉಳಿದರು. ಇವತ್ತಿಗೂ ಇದ್ದಾರೆ.

ಹೋದ ವರ್ಷ ಸಂಘದಿಂದ ಕನ್ನಡಿಗರ ಗಣತಿ ಮಾಡಿಸಿದಿರಿ. ಕಾಲೇಜಿನ ಮಕ್ಕಳು ಹೋದರು. ನಮ್ಮ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. ಶೆಡ್ಡಿನವರನ್ನು ಮರಾಠಿಯಲ್ಲಿ ಕೇಳಿದರು, ಮರಾಠಿಯಲ್ಲಿ ಉತ್ತರ ಬಂತು. ಇಲ್ಲಿ ಕನ್ನಡಿಗರಿಲ್ಲ ಎಂದು ಬರೆದುಕೊಂಡರು. ಅದನ್ನೇ ತೋರಿಸಿ ನೀವು ಶೆಡ್ಡು ತೆರವಿಗೆ ಅಪ್ಪಣೆ ತಂದಿರಿ!

ಮೊನ್ನೆ ಹೋಗಿ ಕಸ್ತೂರಿಬಾಯಿಯನ್ನು ಕೇಳಿದೆ, ಹೀಗೇಕೆ ಮಾಡಿದಿರಿ ತಾಯಿ ಎಂದು.

'ಅಣ್ಣಾರ, ಆ ಹುಡುಗಿ ಮರಾಠಿಯೊಳಗ ಕೇಳಿದ್ಲು, ನಾ ಮರಾಠಿಯೊಳಗ ಹೇಳಿದ್ನಿರಿ. ಕೇಳಿದ ಭಾಷಾದಾಗ ಹೇಳೂದು ಮರ್ಯಾದಿ ಅಲ್ಲೇನ್ರಿ?'

ಮರ್ಯಾದೆ! ಅವರ ಮರ್ಯಾದೆಯೇ ಅವರ ತಲೆ ಮೇಲಿನ ಮಾಡಿಗೆ ಕುತ್ತಾಯಿತು.

ಆ ಹುಡುಗಿ ಯಾರು? ಹೇಳಬಾರದೆಂದಿದ್ದೆ. ನನ್ನ ಮಗಳು ಊರ್ಮಿಳಾ. ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ. ತಲೆ ಎತ್ತು ಮಗಳೇ, ನಿನ್ನನ್ನು ಬೈಯುತ್ತಿಲ್ಲ. ಗಲ್ಲಾ ಮೇಲೆ ಕುಳಿತವನಿಗೆ ಮಗಳೊಡನೆ ಕನ್ನಡ ಮಾತಾಡಲು ಪುರುಸೊತ್ತೆಲ್ಲಿತ್ತು ಎಂದು ನೀವೆಲ್ಲ ನಗಬಹುದು. ನಗಿ. ನಿಮ್ಮ ಮನೆಗಳಲ್ಲೇನು ಬೇರೆ ನಡೆದಿದೆಯೇ?

ಕನ್ನಡ ಭವನ ಕಟ್ಟಲು ದಿನವೂ ಕನ್ನಡ ಆಡುವವರನ್ನೇ ಬೀದಿಗೆ ಹಾಕುವುದೇ? ನಾಚಿಕೆಯಾಗುವುದಿಲ್ಲವೇ? ನನಗಾಗುತ್ತದೆ.

ನಾಳೆ ಮುಹೂರ್ತಕ್ಕೆ ನಾನು ಬಂದೇ ಬರುತ್ತೇನೆ. ಆದರೆ ಕಲ್ಲಿಡುವುದಿಲ್ಲ, ಶೆಡ್ಡಿನ ಬಾಗಿಲಿಗೆ ಅಡ್ಡ ಕುಳಿತಿರುತ್ತೇನೆ. ಅವರನ್ನು ಎಬ್ಬಿಸುವ ಮೊದಲು ನನ್ನನ್ನು ಎಬ್ಬಿಸಿ. ಕನ್ನಡದಲ್ಲೇ ಹೇಳಿ ಎಬ್ಬಿಸಿ.

ಇಷ್ಟು ಹೊತ್ತು ಈ ಸದಾನಂದನ ಸಿಟ್ಟನ್ನು ಸಹಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.